ಕೆಡದ ಯಂತ್ರದ ಲೆಕ್ಕ

ನ್ಯೂಜಿಲೆಂಡಿನ ಆಕ್ಲೆಂಡ್, ಹ್ಯಾಮಿಲ್ಟನ್, ವೆಲ್ಲಿಂಗ್ಟನ್ ಮೊದಲಾದ ಪಟ್ಟಣಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ, ಮಗನೋ ಮಗಳೋ ಪ್ರೌಢಶಾಲೆಯ ಕೊನೆಯ ತರಗತಿಗೆ ಬಂದ ವರ್ಷ ಮುಂದಿನ ವಿದ್ಯಾಭ್ಯಾಸದ ಮಾತು ಎದ್ದಾಗಲೆಲ್ಲ, ಒಂದು ಅಭಿಪ್ರಾಯವು ವಿಚಾರಣೆಯೇ ಬೇಕಿಲ್ಲದ ಸಿದ್ಧಾಂತದಂತೆ ಮುಂದೆ ಬಂದು ನಿಲ್ಲುತ್ತದೆ: ನಾಲ್ಕು ವರ್ಷದ ಇಂಜಿನಿಯರಿಂಗ್ ಪದವಿಯಾದರೆ ಒಳ್ಳೆಯದು, ಕಂಪ್ಯೂಟರ್ ವಿಜ್ಞಾನವಾದರೆ ಮತ್ತೂ ಒಳ್ಳೆಯದು, ಕಾರ್ಖಾನೆಯ ಯಂತ್ರಗಳ ಪಾಲನೆಯನ್ನೂ ದುರಸ್ತಿಯನ್ನೂ ಕಲಿಸುವ ಶಿಕ್ಷಣವಾದರೋ ಹಾಕಿದ ಹಣಕ್ಕೂ ಕಳೆದ ಕಾಲಕ್ಕೂ ತಕ್ಕ ಪ್ರತಿಫಲವನ್ನು ಕೊಡಲಾರದು, ಅಂಕಗಳು ಕೈಕೊಟ್ಟವರು ಹಿಡಿಯುವ ದಾರಿ ಅದು. ಹೀಗೆ ಹೇಳುವವರು ಮಕ್ಕಳ ಶ್ರೇಯಸ್ಸನ್ನು ಮನಃಪೂರ್ವಕವಾಗಿ ಬಯಸುವವರು. ಅನೇಕರು ಸ್ವತಃ ಇಂಜಿನಿಯರುಗಳು. ಅವರು ಬರಿಯ ಪ್ರತಿಷ್ಠೆಯನ್ನು ಮುಂದಿಟ್ಟು ಮಾತನಾಡಿದ್ದರೆ ಉತ್ತರ ಹೇಳುವ ಪ್ರಯಾಸಕ್ಕೆ ನಾನು ಕೈಹಾಕುತ್ತಿರಲಿಲ್ಲ. ಆದರೆ ಅವರು ಮುಂದಿಡುವುದು ಲೆಕ್ಕವನ್ನು. ಶುಲ್ಕವನ್ನು ಒಂದು ಕಡೆ, ಸಂಬಳವನ್ನು ಇನ್ನೊಂದು ಕಡೆ ಬರೆದು, ನೋಡಿ, ಇದು ನಷ್ಟದ ವ್ಯವಹಾರವೆನ್ನುತ್ತಾರೆ. ನನ್ನ ತಕರಾರು ಆ ಲೆಕ್ಕದ ಮೇಲೆಯೇ. ಅದು ವೆಚ್ಚವನ್ನೂ ತಪ್ಪಾಗಿ ಎಣಿಸುತ್ತದೆ, ಪ್ರತಿಫಲವನ್ನಂತೂ ಎಣಿಸುವುದೇ ಇಲ್ಲ.

ಮೊದಲು ಆ ವಿದ್ಯೆಯ ಸ್ವರೂಪವನ್ನು ಅರಿಯಬೇಕು. ಏಕೆಂದರೆ ಅದನ್ನು ತಿರಸ್ಕರಿಸುವವರಲ್ಲಿ ಬಹುಮಂದಿ ತಮ್ಮೂರಿನ ಐಟಿಐಯ ನೆನಪಿನಿಂದಲೇ ಅದನ್ನು ಅಳೆಯುತ್ತಾರೆ. ನ್ಯೂಜಿಲೆಂಡಿನಲ್ಲಿ ಯಂತ್ರಪಾಲನೆಯನ್ನು ಕಲಿಯಬಯಸುವ ಯುವಕನೋ ಯುವತಿಯೋ ಸಾಮಾನ್ಯವಾಗಿ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿ, ಸಂಬಳವನ್ನು ಪಡೆಯುತ್ತಲೇ, ನಡುನಡುವೆ ಪಾಲಿಟೆಕ್ನಿಕ್ಕಿನ ತರಗತಿಗಳಿಗೆ ಹೋಗಿ ಬರುತ್ತ, ಸುಮಾರು ನಾಲ್ಕು ವರ್ಷಗಳಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗಿನ ನಾಲ್ಕನೆಯ ಹಂತದ ಪ್ರಮಾಣಪತ್ರವನ್ನು, ಅದರ ಮೆಂಟೆನೆನ್ಸ್ ಶಾಖೆಯಲ್ಲಿ, ಸಂಪಾದಿಸುತ್ತಾರೆ. ಅದರ ಮೇಲೆ ಎರಡು ವರ್ಷದ ಇಂಜಿನಿಯರಿಂಗ್ ಡಿಪ್ಲೊಮಾ ಇದೆ. ಅದರ ಮೇಲೆ ಮೂರು ವರ್ಷದ ಇಂಜಿನಿಯರಿಂಗ್ ಟೆಕ್ನಾಲಜಿ ಪದವಿ. ಅನಂತರ ನಾಲ್ಕು ವರ್ಷದ ಬಿ.ಇ. ಆನರ್ಸ್. ಕೊನೆಯ ಈ ಮೂರಕ್ಕೂ ಕ್ರಮವಾಗಿ ಡಬ್ಲಿನ್, ಸಿಡ್ನಿ, ವಾಷಿಂಗ್ಟನ್ ಒಪ್ಪಂದಗಳೆಂಬ ಅಂತರರಾಷ್ಟ್ರೀಯ ಮನ್ನಣೆಯುಂಟು; ನ್ಯೂಜಿಲೆಂಡ್ ಮೂರರಲ್ಲಿಯೂ ಸಹಿ ಹಾಕಿದ ದೇಶ. ಒಂದರಿಂದ ಇನ್ನೊಂದಕ್ಕೆ ಹೋಗುವವನ ಹಿಂದಿನ ಓದು ಪೂರ್ತಿ ವ್ಯರ್ಥವಾಗುವುದಿಲ್ಲ. ಆದುದರಿಂದ ಈ ಕಸುಬನ್ನು ಕಲಿತು ಫಿಟ್ಟರ್ ಆದವನು ಜೀವನಪರ್ಯಂತ ಅಲ್ಲಿಯೇ ನಿಂತುಬಿಡುತ್ತಾನೆಂಬ ಭಯಕ್ಕೆ, ಕನಿಷ್ಠಪಕ್ಷ ಈ ದೇಶದಲ್ಲಿ, ಆಧಾರವಿಲ್ಲ.

ಇನ್ನು ಹಣದ ಮಾತು. 2025ರ ಏಪ್ರಿಲ್ 1ರಿಂದ ನ್ಯೂಜಿಲೆಂಡಿನಲ್ಲಿ ವಯಸ್ಕರ ಕನಿಷ್ಠ ವೇತನವು ಗಂಟೆಗೆ 23.50 ಡಾಲರ್ ಆಯಿತು. ತರಬೇತಿಯಲ್ಲಿರುವವರಿಗೆ ಅದರ ಶೇಕಡ 80ರಷ್ಟು, ಎಂದರೆ 18.80 ಡಾಲರ್ ಆಗಿತ್ತು. ಒಳ್ಳೆಯ ಕಾರ್ಖಾನೆಯು ಇದಕ್ಕಿಂತ ಹೆಚ್ಚು ಕೊಡುತ್ತದೆಂಬ ಆಶೆಯನ್ನು ಬದಿಗಿಟ್ಟು, ಆ ವರ್ಷ ಶಾಸನವು ಇದಕ್ಕಿಂತ ಕೆಳಗಿಳಿಯಗೊಡದಿದ್ದ ಆ ದರವನ್ನೇ ಹಿಡಿದರೂ, ವಾರಕ್ಕೆ 40 ಗಂಟೆಯ ಲೆಕ್ಕದಲ್ಲಿ ವರ್ಷಕ್ಕೆ 39,104 ಡಾಲರ್ ಆಗುತ್ತದೆ. ನಾಲ್ಕು ವರ್ಷಕ್ಕೆ, ತೆರಿಗೆಗೆ ಮುನ್ನ, ಒಂದೂವರೆ ಲಕ್ಷ ಡಾಲರನ್ನು ಮೀರುತ್ತದೆ. ಅದೇ ನಾಲ್ಕು ವರ್ಷಗಳಲ್ಲಿ ವಿಶ್ವವಿದ್ಯಾಲಯಕ್ಕೆ ಹೋದ ಓರಗೆಯವನು, ಈ ದೇಶದ ನಿವಾಸಿಯೇ ಆಗಿದ್ದರೂ, ವರ್ಷಕ್ಕೆ ಸುಮಾರು ಹತ್ತು ಸಾವಿರ ಡಾಲರ್ ಶುಲ್ಕವನ್ನೂ ತನ್ನ ಊಟ ವಸತಿಯ ವೆಚ್ಚವನ್ನೂ ಹೊತ್ತಿರುತ್ತಾನೆ. 2025ರಿಂದ ಕೊನೆಯ ವರ್ಷದ ಶುಲ್ಕವನ್ನು ಸರ್ಕಾರ ವಹಿಸಿಕೊಳ್ಳುವುದಾದರೂ ಉಳಿದುದು ಸಾಲವೇ. ಆ ಸಾಲಕ್ಕೆ 2006ರಿಂದ ಬಡ್ಡಿಯಿಲ್ಲವೆಂಬ ಸಮಾಧಾನವು ದೇಶದೊಳಗೆ ಇರುವವರೆಗೆ ಮಾತ್ರ. ಹೆಚ್ಚಿನ ಸಂಬಳವನ್ನರಸಿ ಆಸ್ಟ್ರೇಲಿಯಕ್ಕೆ ಹೋಗಿ ನೆಲೆಸಿದವನ ಸಾಲಕ್ಕೆ ಬಡ್ಡಿ ಹತ್ತುತ್ತದೆ. ಇಲ್ಲಿಯೇ ಉಳಿದವನು ಒಂದು ಮಿತಿಯನ್ನು ದಾಟಿದ ತನ್ನ ಗಳಿಕೆಯಲ್ಲಿ ಶೇಕಡ 12ರಷ್ಟನ್ನು ಸಾಲ ತೀರುವವರೆಗೆ ಬಿಟ್ಟುಕೊಡುತ್ತಾನೆ. ನಮ್ಮವರ ಲೆಕ್ಕದ ಹಾಳೆಯಲ್ಲಿ ಫಿಟ್ಟರಿನ ಸಂಬಳವೂ ಇಂಜಿನಿಯರಿನ ಸಂಬಳವೂ ಒಂದೇ ದಿನ ಪ್ರಾರಂಭವಾದಂತೆ ಬರೆದಿರುವುದನ್ನು ನಾನು ಕಂಡಿದ್ದೇನೆ. ಪದವಿಯನ್ನು ಮುಗಿಸದೆ ನಡುವೆಯೇ ಬಿಟ್ಟು, ಸಾಲವನ್ನು ಮಾತ್ರ ಉಳಿಸಿಕೊಂಡವರ ಪ್ರಸ್ತಾಪವಂತೂ ಆ ಹಾಳೆಯಲ್ಲಿ ಎಲ್ಲಿಯೂ ಇರುವುದಿಲ್ಲ. ಹತ್ತು ಹದಿನೈದು ವರ್ಷಗಳ ಮೇಲೆ ಇಂಜಿನಿಯರು ಗಳಿಕೆಯಲ್ಲಿ ಮುಂದೆ ಹೋಗಬಹುದು. ಅನೇಕರು ಹೋಗುತ್ತಾರೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದೂವರೆ ಲಕ್ಷದ ಮುನ್ನಡೆಯನ್ನು ಶೂನ್ಯವೆಂದು ಎಣಿಸುವ ಲೆಕ್ಕವನ್ನು ಲೆಕ್ಕವೆಂದು ಕರೆಯಲಾಗದು.

ಇಷ್ಟಾದರೂ ಇದು ವಿವಾದದ ಮೇಲ್ಮೈಯಷ್ಟೆ. ಸಂಬಳಕ್ಕೆ ಸಂಬಳವನ್ನು ತೂಗಿ ಗೆದ್ದರೂ ನಾನು ತೃಪ್ತನಾಗಲಾರೆ. ಏಕೆಂದರೆ ಒಂದು ವಿದ್ಯೆಯ ಪ್ರತಿಫಲವೆಂದರೆ ಕಲಿತವನ ಕೈಗೆ ಬರುವ ಹಣ ಮಾತ್ರವೆಂಬ ಭಾವನೆಯೇ ಈ ಪ್ರಮಾದದ ಬೇರು. ಯಂತ್ರಪಾಲನೆಯ ವಿಷಯದಲ್ಲಿ ಈ ಭಾವನೆಯು ವಿಶೇಷ ಅನ್ಯಾಯವನ್ನು ಮಾಡುತ್ತದೆ. ಸೇತುವೆಯನ್ನು ಕಟ್ಟಿದವನ ಕೆಲಸ ಎಲ್ಲರ ಕಣ್ಣಿಗೂ ಬೀಳುತ್ತದೆ; ಯಂತ್ರವನ್ನು ಕಾಯುವವನ ಕೆಲಸವು ಚೆನ್ನಾಗಿ ಆದಷ್ಟೂ ಕಣ್ಣಿಗೆ ಮರೆಯಾಗುತ್ತದೆ, ಏಕೆಂದರೆ ಅವನ ಕೃತಿಯೆಂದರೆ ಸಂಭವಿಸದೆ ಹೋದ ಅನಾಹುತ.

ವೈಕಾಟೊ, ತಾರನಾಕಿ, ಸೌತ್‌ಲ್ಯಾಂಡ್ ಪ್ರಾಂತಗಳ ಹಾಲಿನ ಕಾರ್ಖಾನೆಗಳನ್ನು ತೆಗೆದುಕೊಳ್ಳಿ. ಈ ದೇಶದ ಹಸುಗಳಲ್ಲಿ ಬಹುಪಾಲು ಹುಲ್ಲನ್ನೇ ನಂಬಿದವು. ಚಳಿಗಾಲದ ಕೊನೆಯಲ್ಲಿ ಕರು ಹಾಕಿ, ಅಕ್ಟೋಬರಿನ ವೇಳೆಗೆ ಹಾಲಿನ ಹೊಳೆಯನ್ನೇ ಹರಿಸಿ, ಮರುವರ್ಷದ ಮೇ ತಿಂಗಳ ಹೊತ್ತಿಗೆ ಬತ್ತುತ್ತವೆ. ಹಾಲು ಕಾಯುವ ಪದಾರ್ಥವಲ್ಲ. ದಿನದಿನವೂ ಟ್ಯಾಂಕರುಗಳು ತಂದು ಸುರಿಯುವ ಹಾಲನ್ನು ಆವಿಯಾಗಿಸಿ ಗಟ್ಟಿಮಾಡಿ, ಎತ್ತರವಾದ ಒಣಗಿಸುವ ಗೋಪುರದೊಳಗೆ ಬಿಸಿಗಾಳಿಯಲ್ಲಿ ಸಿಂಪಡಿಸಿ, ಪುಡಿಮಾಡಿ ಹೊರತೆಗೆಯಬೇಕು. ಈ ಸರಪಳಿಯಲ್ಲಿ ಬಾಯ್ಲರ್, ಪಂಪು, ಫ್ಯಾನು, ಗೇರ್‌ಬಾಕ್ಸು, ಕವಾಟ ಎಂಬವು ಅಸಂಖ್ಯವಾಗಿವೆ. ಅವುಗಳಲ್ಲಿ ಒಂದು ಮುಖ್ಯವಾದ ಫ್ಯಾನಿನ ಬೇರಿಂಗು ಅಕ್ಟೋಬರ್ ತಿಂಗಳಲ್ಲಿ ಮುರಿದರೆ, ಬಂದ ಹಾಲನ್ನು ಬೇರೆ ಕಾರ್ಖಾನೆಗೆ ಸಾಗಿಸಬೇಕು, ಸಾಗದಿದ್ದರೆ ಚೆಲ್ಲಬೇಕು. ಹಾಲಿನ ಪುಡಿಯ ಧೂಳು ಗಾಳಿಯೊಡನೆ ಬೆರೆತಾಗ ಒಂದು ಕಿಡಿಗೂ ಸ್ಫೋಟಿಸಬಲ್ಲದೆಂಬುದು ಬೇರೆ. ಆದ್ದರಿಂದಲೇ ಜೂನ್ ಜುಲೈಗಳಲ್ಲಿ, ಹಸುಗಳು ಬತ್ತಿರುವ ಆ ಕೆಲವು ವಾರಗಳಲ್ಲಿ, ಕಾರ್ಖಾನೆಯನ್ನು ನಿಲ್ಲಿಸಿ ಬಿಚ್ಚಿ ನೋಡುವ ಶಟ್‌ಡೌನ್ ನಡೆಯುತ್ತದೆ. ಫಿಟ್ಟರುಗಳು ಹಗಲಿರುಳೂ ಪಾಳಿಯ ಮೇಲೆ ದುಡಿಯುತ್ತಾರೆ. ಯಾವುದನ್ನು ಬಿಚ್ಚಬೇಕು, ಯಾವುದನ್ನು ಮುಟ್ಟದೆ ಬಿಡಬೇಕು, ಯಾವ ಬೇರಿಂಗು ಮುಂದಿನ ಹಂಗಾಮನ್ನು ದಾಟೀತು, ಯಾವುದು ದಾಟದು ಎಂಬ ನಿರ್ಣಯವನ್ನು ಅವರು ಕಣ್ಣಂದಾಜಿನಿಂದ ಮಾಡುವುದಿಲ್ಲ: ವರ್ಷವೆಲ್ಲ ದಾಖಲಿಸಿದ ಕಂಪನದ ಅಳತೆ, ಎಣ್ಣೆಯಲ್ಲಿ ಕಂಡುಬಂದ ಲೋಹದ ಕಣಗಳು, ಉಷ್ಣಚಿತ್ರದಲ್ಲಿ ತೋರಿದ ಅಸಹಜವಾದ ಕಾವು, ಇವನ್ನೆಲ್ಲ ಜೋಡಿಸಿ ಓದುತ್ತಾರೆ. ಈ ಓದಿಗೆ ಗಣಿತವೂ ಬೇಕು, ಲೋಹಶಾಸ್ತ್ರವೂ ಬೇಕು, ಕಿವಿಯೂ ಬೇಕು. ಇದನ್ನು ಬುದ್ಧಿಯ ಕೆಲಸವಲ್ಲವೆನ್ನುವವರು ಒಂದು ಶಟ್‌ಡೌನನ್ನು ಹತ್ತಿರದಿಂದ ನೋಡಿದವರಾಗಿರಲಾರರು.

ಈ ದೇಶದ ಸಂಪತ್ತಿನ ಪ್ರಾರಂಭದಲ್ಲಿಯೇ ಇಂಥದೊಂದು ದುರಸ್ತಿಯಿದೆಯೆಂಬುದನ್ನು ಇಲ್ಲಿ ನೆನೆಯುವುದು ಉಚಿತ. 1882ರ ಫೆಬ್ರುವರಿ 15ರಂದು ಪೋರ್ಟ್ ಚಾಮರ್ಸ್ ಬಂದರಿನಿಂದ ‘ಡನೀಡಿನ್’ ಎಂಬ ಹಾಯಿಹಡಗು ಐದು ಸಾವಿರದಷ್ಟು ಕುರಿಗಳ ಹೆಪ್ಪುಗಟ್ಟಿಸಿದ ಮಾಂಸವನ್ನು ಹೇರಿಕೊಂಡು ಲಂಡನ್ನಿಗೆ ಹೊರಟಿತು. ಉಷ್ಣವಲಯವನ್ನು ಹಾಯುತ್ತಿದ್ದಾಗ ತಂಪುಗಾಳಿಯು ಉಗ್ರಾಣದೊಳಗೆ ಸರಿಯಾಗಿ ಸುಳಿಯುತ್ತಿಲ್ಲವೆಂದು ತಿಳಿಯಿತು. ಕಪ್ತಾನ ಜಾನ್ ವಿಟ್ಸನ್ ಸ್ವತಃ ಗಾಳಿಯ ಕೊಳವೆಯೊಳಗೆ ತೆವಳಿಹೋಗಿ ಗರಗಸದಿಂದ ಹೊಸ ಕಂಡಿಗಳನ್ನು ಕೊರೆದನು; ಚಳಿಗೆ ಮರಗಟ್ಟಿದಾಗ ನಾವಿಕರು ಅವನನ್ನು ಹಗ್ಗದಿಂದ ಹೊರಗೆಳೆದು ಬದುಕಿಸಿದರು. ಮೇ ತಿಂಗಳಲ್ಲಿ ಹಡಗು ಮುಟ್ಟಿದಾಗ ಕೆಟ್ಟಿದೆಯೆಂದು ತೆಗೆದುಹಾಕಿದ್ದು ಒಂದೇ ಒಂದು ಕುರಿಯನ್ನು. ನ್ಯೂಜಿಲೆಂಡಿನ ಮಾಂಸ ಬೆಣ್ಣೆಗಳ ರಫ್ತಿನ ಇತಿಹಾಸವೆಲ್ಲ ಆ ಯಾನದಿಂದ ಬೆಳೆದುಬಂದದ್ದು. ಶೈತ್ಯಯಂತ್ರವನ್ನು ಕಂಡುಹಿಡಿದವರಿಗೂ ಹಣ ಹೂಡಿದವರಿಗೂ ಇತಿಹಾಸವು ನ್ಯಾಯವಾಗಿಯೇ ಗೌರವ ಕೊಟ್ಟಿದೆ. ಆದರೆ ಆ ಕೊಳವೆಯೊಳಗೆ ಯಾರೂ ತೆವಳದೆ ಹೋಗಿದ್ದರೆ ಹೂಡಿದ ಹಣವೂ ಕಂಡುಹಿಡಿದ ಯಂತ್ರವೂ ಸಮುದ್ರದ ನಡುವೆಯೇ ಕೊಳೆತುಹೋಗುತ್ತಿದ್ದವು.

ಪಾಲನೆ ತಪ್ಪಿದಾಗ ತೆರಬೇಕಾದ ಬೆಲೆಗೆ ಉದಾಹರಣೆಗಳನ್ನು ದೂರ ಹುಡುಕಬೇಕಾಗಿಲ್ಲ. 1998ರ ಜನವರಿ ಫೆಬ್ರುವರಿಗಳಲ್ಲಿ ಆಕ್ಲೆಂಡಿನ ನಗರಮಧ್ಯಕ್ಕೆ ವಿದ್ಯುತ್ತನ್ನು ತರುತ್ತಿದ್ದ ನಾಲ್ಕು ಮುಖ್ಯ ಕೇಬಲುಗಳು ಒಂದರ ಹಿಂದೊಂದು ಕೆಟ್ಟು, ಸುಮಾರು ಐದು ವಾರ ಆ ಭಾಗವು ಕತ್ತಲಲ್ಲಿ ಮುಳುಗಿತು. 2023ರ ಜನವರಿ 28ರಂದು ಕುಕ್ ಜಲಸಂಧಿಯಲ್ಲಿ 864 ಮಂದಿಯನ್ನು ಹೊತ್ತಿದ್ದ ‘ಕೈತಾಕಿ’ ನೌಕೆಯ ಎಂಜಿನುಗಳೆಲ್ಲ ನಿಂತುಹೋಗಿ, ಬಿರುಗಾಳಿಯು ಅದನ್ನು ವೆಲ್ಲಿಂಗ್ಟನ್ನಿನ ಬಂಡೆಗಳ ಕಡೆಗೆ ತಳ್ಳಿಕೊಂಡು ಹೋಯಿತು. ವಿಚಾರಣೆಯಲ್ಲಿ ಹೊರಬಿದ್ದ ಕಾರಣ ಯಾವುದು? ತಂಪುನೀರಿನ ಕೊಳವೆಯಲ್ಲಿದ್ದ ಒಂದು ರಬ್ಬರ್ ಜೋಡಣೆ. 2005ರಲ್ಲಿ ತಯಾರಾದ ಆ ರಬ್ಬರನ್ನು 2018ರಲ್ಲಿ ಹೊಸದೆಂಬಂತೆ ಅಳವಡಿಸಿದ್ದರು. ಅದರ ಆಯುಸ್ಸು ಮುಗಿದುದನ್ನು ಯಾರೂ ಗಮನಿಸಿರಲಿಲ್ಲ. ರಬ್ಬರು ಉಪಯೋಗಿಸದೆ ಇಟ್ಟರೂ ಮುಪ್ಪಾಗುತ್ತದೆಂಬುದು ಯಂತ್ರಪಾಲನೆಯ ಪಾಠಗಳಲ್ಲಿ ಮೊದಮೊದಲಿನದು. 2024ರ ಜೂನ್ 20ರಂದು ಗ್ಲೋರಿಟ್ ಎಂಬ ಹಳ್ಳಿಯ ಬಳಿ ವಿದ್ಯುತ್ತಿನ ಒಂದು ಗೋಪುರವು ನೆಲಕ್ಕೊರಗಿ ನಾರ್ತ್‌ಲ್ಯಾಂಡ್ ಪ್ರಾಂತದ ಬಹುಭಾಗಕ್ಕೆ ವಿದ್ಯುತ್ ಇಲ್ಲವಾಯಿತು. ನಿತ್ಯದ ಪಾಲನೆಯ ಕೆಲಸಕ್ಕೆ ಬಂದವರು ಗೋಪುರದ ನಾಲ್ಕು ಕಾಲುಗಳಲ್ಲಿ ಮೂರರ ನಟ್ಟುಗಳನ್ನು ಒಮ್ಮೆಗೇ ಬಿಚ್ಚಿಬಿಟ್ಟಿದ್ದರು. ತರಬೇತಿಯೂ ಮೇಲ್ವಿಚಾರಣೆಯೂ ಸಾಲದೆ ಹೋದುದೇ ಇದಕ್ಕೆ ಕಾರಣವೆಂದು ತನಿಖೆಯು ಹೇಳಿತು. ಬಿಚ್ಚಿದ ಕೈಗಳನ್ನು ನಾನು ದೂಷಿಸುವುದಿಲ್ಲ. ಕಲಿಸದೆಯೇ ಅವರನ್ನು ಅಲ್ಲಿಗೆ ಕಳುಹಿಸಿದ ವ್ಯವಸ್ಥೆಯನ್ನು ದೂಷಿಸುತ್ತೇನೆ. ಯಾವ ತರಬೇತಿಯ ವೆಚ್ಚವನ್ನು ದುಬಾರಿಯೆಂದು ಉಳಿಸಿಕೊಳ್ಳುತ್ತೇವೆಯೋ ಅದರ ನೂರ್ಮಡಿಯನ್ನು ಒಂದು ಬೆಳಗಿನಲ್ಲಿ ಒಂದು ಪ್ರಾಂತವೇ ಕಟ್ಟಬೇಕಾಗುತ್ತದೆ. ಆದರೆ ಆ ಮೊತ್ತವು ಯಾರ ವಿದ್ಯಾಭ್ಯಾಸದ ಲೆಕ್ಕದ ಹಾಳೆಗೂ ಸೇರುವುದಿಲ್ಲ.

ಹೀಗಿರುವಾಗ ಈ ವಿದ್ಯೆಯು ಅಗ್ಗವೂ ಹೀನವೂ ಆಗಿ ಕಂಡದ್ದು ಹೇಗೆ? ಇಲ್ಲಿ ಎರಡು ದೇಶಗಳ ದೋಷಗಳು ಕೂಡಿಕೊಂಡಿವೆ. ನಮ್ಮ ದೋಷ ಹಳೆಯದು: ಕೈಗೆ ಮಸಿ ಹತ್ತುವ ಕೆಲಸವನ್ನು ಕೀಳೆಂದೂ ಮೇಜಿನ ಮುಂದೆ ಕುಳಿತು ಮಾಡುವುದನ್ನು ಮೇಲೆಂದೂ ಬಗೆಯುವ ಜಾತಿಬುದ್ಧಿಯನ್ನು ನಾವು ಸಮುದ್ರ ದಾಟಿದ ಮೇಲೂ ಬಿಟ್ಟಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರವನ್ನು ಪೂಜಿಸುವ ಮನೆಗಳಲ್ಲಿ, ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಕಸುಬುಗಳನ್ನು ಕಲಿಸುವ ಶಾಲೆಗೆಂದು ಬಿಟ್ಟುಕೊಟ್ಟರೆಂಬುದೂ, 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು ಆ ಸಂಕಲ್ಪದಿಂದ ಎಂಬುದೂ ನೆನಪಿನಲ್ಲಿಲ್ಲ. ಇಂಜಿನಿಯರಿಂಗ್ ಕಾಲೇಜನ್ನು 1917ರಲ್ಲಿಯೇ ತೆರೆಸಿದ್ದ ಆ ಮಹನೀಯರು ಅದೊಂದರಿಂದಲೇ ನಾಡಿನ ಯಂತ್ರಗಳು ನಡೆದಾವೆಂದು ನಂಬಿರಲಿಲ್ಲ.

ನ್ಯೂಜಿಲೆಂಡಿನ ದೋಷ ಇತ್ತೀಚಿನದು. ಒಂದು ಕಾಲಕ್ಕೆ ಇಲ್ಲಿಯ ರೈಲ್ವೆ ಕಾರ್ಯಾಗಾರಗಳು ದೇಶಕ್ಕೆಲ್ಲ ಫಿಟ್ಟರುಗಳನ್ನು ತಯಾರಿಸಿಕೊಡುವ ವಿದ್ಯಾಲಯಗಳಾಗಿದ್ದವು. ಅಲ್ಲಿ ಕಲಿತವರು ಹಾಲಿನ ಕಾರ್ಖಾನೆಗೂ ಕಾಗದದ ಗಿರಣಿಗೂ ವಿದ್ಯುದಾಗಾರಕ್ಕೂ ಹೋಗಿ ಸೇರುತ್ತಿದ್ದರು. ಲಾಭವೊಂದನ್ನೇ ನೋಡುವ ಸುಧಾರಣೆಗಳ ಕಾಲ ಬಂದಾಗ, ಇನ್ನೊಬ್ಬರ ಉಪಯೋಗಕ್ಕೆ ನಾವೇಕೆ ಕಲಿಸಬೇಕೆಂಬ ಪ್ರಶ್ನೆ ಎದ್ದಿತು: ವಾಂಗನುಯಿಯ ಈಸ್ಟ್‌ಟೌನ್ 1986ರಲ್ಲಿ, ಕ್ರೈಸ್ಟ್‌ಚರ್ಚಿನ ಆಡಿಂಗ್ಟನ್ 1990ರಲ್ಲಿ, ಡನೀಡಿನ್ನಿನ ಹಿಲ್‌ಸೈಡ್ 2012ರಲ್ಲಿ ಮುಚ್ಚಿದವು. 1992ರಲ್ಲಿ ವಿದ್ಯಾರ್ಥಿ ಸಾಲದ ಯೋಜನೆಯೂ ಕೈಗಾರಿಕಾ ತರಬೇತಿಯ ಹೊಸ ಶಾಸನವೂ ಬಂದವು; ಕಲಿಕೆಯ ಭಾರವು ಕಲಿಯುವವನ ಹೆಗಲಿಗೆ ಜಾರಿತು. ಅಂದಿನಿಂದ ಇಂದಿನವರೆಗೆ ದುರಸ್ತಿಯೆಂಬುದು ಸಂಸ್ಥೆಗಳ ಹೆಸರುಗಳಿಗೆ ಮಾತ್ರ ನಡೆದಿದೆ: 2020ರಲ್ಲಿ 16 ಪಾಲಿಟೆಕ್ನಿಕ್ಕುಗಳನ್ನು ಟೆ ಪೂಕೆಂಗಾ ಎಂಬ ಒಂದೇ ಸಂಸ್ಥೆಯಲ್ಲಿ ಕೂಡಿಸಿದರು, ಐದಾರು ವರ್ಷಗಳೊಳಗೆ ಮತ್ತೆ ಒಡೆದರು. ಕೊನೆಗೆ ತಾನು ತಯಾರಿಸದ ಕೈಗಳನ್ನು ಹೊರಗಿನಿಂದ ಕರೆಯುವುದು ಅನಿವಾರ್ಯವಾಗಿ, 2025ರ ಆಗಸ್ಟಿನಲ್ಲಿ ಸರ್ಕಾರವು ಫಿಟ್ಟರ್, ಫಿಟ್ಟರ್-ಟರ್ನರ್, ವೆಲ್ಡರ್ ಮೊದಲಾದ ಕಸುಬುಗಳನ್ನು ಖಾಯಂ ನಿವಾಸಕ್ಕೆ ದಾರಿಯಾಗುವ ಹಸಿರು ಪಟ್ಟಿಗೆ ಸೇರಿಸಿತು. ಬೆಲೆಯಿಲ್ಲದ ವಿದ್ಯೆಯೆಂದು ನಮ್ಮ ಮನೆಗಳಲ್ಲಿ ತಳ್ಳಿಹಾಕಿದ್ದನ್ನು ಒಂದು ದೇಶವು ತನ್ನ ಪೌರತ್ವದ ಬಾಗಿಲಿನವರೆಗೆ ಕರೆತಂದು ಕೂರಿಸಿದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಸ್ಪಷ್ಟವಾಗಿ ಹೇಳದಿದ್ದರೆ ನನ್ನ ವಾದವು ಅಪಾಯಕಾರಿಯಾದೀತು. ಮೇಲೆ ಹೇಳಿದ ಲೆಕ್ಕವೆಲ್ಲ ಇಲ್ಲಿಯ ನಿವಾಸಿಗಳಾದ ಮಕ್ಕಳಿಗೆ ಅನ್ವಯಿಸತಕ್ಕದ್ದು. ದಾವಣಗೆರೆಯಿಂದಲೋ ಹಾಸನದಿಂದಲೋ ವಿದ್ಯಾರ್ಥಿ ವೀಸಾ ಪಡೆದು ಬರುವವನಿಗೆ ಬಡ್ಡಿಯಿಲ್ಲದ ಸಾಲವಿಲ್ಲ, ಶುಲ್ಕದ ವಿನಾಯಿತಿಯಿಲ್ಲ. ಅವನು ತೆರುವುದು ನಿವಾಸಿಯ ಶುಲ್ಕದ ಹಲವು ಪಟ್ಟು, ಅದರ ಮೇಲೆ ವರ್ಷದ ಜೀವನಕ್ಕೆಂದು 20,000 ಡಾಲರನ್ನು ತೋರಿಸಬೇಕು. ಬ್ಯಾಂಕಿನಲ್ಲಿ ಜಮೀನನ್ನು ಅಡವಿಟ್ಟು, ಏಜೆಂಟನ ಮಾತನ್ನು ನಂಬಿ, ಯಾವುದೋ ಕಿರು ಅವಧಿಯ ಡಿಪ್ಲೊಮಾಕ್ಕೆ ಬಂದು ಸೇರುವವನಿಗೆ ತರಗತಿಯ ಪಾಠ ಸಿಕ್ಕೀತೇ ಹೊರತು ಕಾರ್ಖಾನೆಯ ನೆಲದ ಮೇಲಿನ ನಾಲ್ಕು ವರ್ಷ ಸಿಕ್ಕುವುದಿಲ್ಲ. ಈ ಕಸುಬಿನ ಸಾರವಿರುವುದು ಆ ನಾಲ್ಕು ವರ್ಷಗಳಲ್ಲಿಯೇ. ಅಂಥವನಿಗೆ ನಾನು ಹೇಳುವುದು ಇಷ್ಟು: ಊರಿನಲ್ಲಿಯೇ, ಸಂಬಳ ಕೊಟ್ಟು ಕಲಿಸುವ ಕಾರ್ಖಾನೆಯಲ್ಲಿ, 1961ರ ಅಪ್ರೆಂಟಿಸ್ ಶಾಸನದ ಆಶ್ರಯದಲ್ಲಿ ಕಸುಬನ್ನು ಕಲಿತು, ಅನುಭವ ಗಳಿಸಿ, ಅನಂತರ ಕಸುಬುದಾರನಾಗಿಯೇ ಬರಬೇಕು. ಅವನ ವಿಷಯದಲ್ಲಿ ಲೋಕಾಭಿಪ್ರಾಯದ ನಿರ್ಣಯ ಸರಿ. ಕಾರಣ ಮಾತ್ರ ತಪ್ಪು. ನಷ್ಟಕ್ಕೆ ಕಾರಣ ವಿದ್ಯೆಯಲ್ಲ, ಅದನ್ನು ಮಾರುವ ಕ್ರಮ.

ಇನ್ನೊಂದು ಆಕ್ಷೇಪಣೆಗೆ ತೂಕವಿದೆ. ಅದನ್ನು ಹಾರಿಸಿ ಹೋಗುವುದು ಸರಿಯಲ್ಲ. ಕಾರ್ಖಾನೆಗಳೇ ಮುಚ್ಚುತ್ತಿರುವಾಗ ಅವುಗಳನ್ನು ಕಾಯುವ ವಿದ್ಯೆಯಿಂದೇನು ಎಂದು ಕೇಳುತ್ತಾರೆ. ಕವೆರಾವ್‌ನ ಪತ್ರಿಕಾ ಕಾಗದದ ಗಿರಣಿ 2021ರಲ್ಲಿ ನಿಂತಿತು. ಮಾರ್ಸ್‌ಡನ್ ಪಾಯಿಂಟಿನ ತೈಲ ಶುದ್ಧೀಕರಣ 2022ರಲ್ಲಿ ಕೊನೆಗೊಂಡಿತು. ಟೊಕೊರೊವಾ ಬಳಿಯ ಕಿನ್‌ಲೀತಿನಲ್ಲಿ ಕಾಗದದ ತಯಾರಿಕೆ 2025ರಲ್ಲಿ ಮುಗಿಯಿತು. ಆ ಊರುಗಳ ಕುಟುಂಬಗಳ ದುಃಖವನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ವಸ್ತುಸ್ಥಿತಿಯನ್ನು ಪರಿಶೀಲಿಸಬೇಕು. ಕಾಗದದ ಗಿರಣಿಯ ಪಂಪನ್ನು ಅರಿತವನು ಹಾಲಿನ ಕಾರ್ಖಾನೆಯ ಪಂಪನ್ನೂ ಅರಿತವನೇ. ಬೇರಿಂಗಿನ ಕಂಪನವು ಭೂಶಾಖದ ವಿದ್ಯುದಾಗಾರದಲ್ಲಿಯೂ, ಮಾಂಸದ ಕಾರ್ಖಾನೆಯಲ್ಲಿಯೂ, ಆಸ್ಪತ್ರೆಯ ಬಾಯ್ಲರ್ ಕೋಣೆಯಲ್ಲಿಯೂ ಒಂದೇ ಶಾಸ್ತ್ರಕ್ಕೆ ಒಳಪಟ್ಟದ್ದು. ವೈರಾಕೆಯಲ್ಲಿ 1958ರಲ್ಲಿ ಪ್ರಾರಂಭವಾದ ಭೂಶಾಖದ ವಿದ್ಯುದಾಗಾರದಂಥ ಹಳೆಯ ಸ್ಥಾವರಗಳು ದಶಕಗಳ ಕಾಲ ಬದುಕಿದ್ದು ಅವುಗಳ ನಕ್ಷೆ ಬರೆದವರ ಪ್ರತಿಭೆಯೊಂದರಿಂದಲ್ಲ, ಗಂಧಕದ ಹಬೆ ತಿನ್ನುವ ಲೋಹವನ್ನು ವರ್ಷವರ್ಷವೂ ನೋಡಿ ಬದಲಿಸಿದವರಿಂದ. ಯಂತ್ರಮಾನವರು ಬಂದರೆ ಈ ಕೆಲಸ ಹೋದೀತೆಂಬ ಹೆದರಿಕೆಯೂ ನಿಲ್ಲುವಂಥದಲ್ಲ. ಕಾರ್ಖಾನೆಯಲ್ಲಿ ಯಂತ್ರಗಳು ಹೆಚ್ಚಿದಷ್ಟೂ ಕೆಡತಕ್ಕ ವಸ್ತುಗಳು ಹೆಚ್ಚುತ್ತವೆ. ಹೊಸ ಪದವೀಧರರಿಂದ ತುಂಬಿಹೋಗಿರುವ ಕಂಪ್ಯೂಟರ್ ಉದ್ಯೋಗಗಳು ಇದಕ್ಕಿಂತ ಭದ್ರವಾದವೆಂದು ಇಂದು ಯಾವ ತಂದೆಯೂ ಎದೆ ಮುಟ್ಟಿ ಹೇಳಲಾರನು.

ಉಳಿದ ಪ್ರಶ್ನೆ, ಈ ವಿದ್ಯೆಯ ವೆಚ್ಚವನ್ನು ಯಾರು ಹೊರಬೇಕು ಎಂಬುದು. ನಮ್ಮ ಪೂರ್ವಿಕರು ಇದನ್ನು ಬಹಳ ಹಿಂದೆಯೇ ವಿಚಾರಮಾಡಿ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಕನ್ನಡ ನಾಡಿನ ಶಾಸನಗಳಲ್ಲಿ ಕೆರೆಯನ್ನು ಕಟ್ಟಿಸಿದವನ ಹೆಸರಿನೊಡನೆ, ಆ ಕೆರೆಯ ಪಾಲನೆಗಾಗಿ ಬಿತ್ತುವಟ್ಟ, ಕಟ್ಟುಕೊಡಗೆ ಮೊದಲಾದ ಹೆಸರುಗಳಿಂದ ಬಿಟ್ಟ ಭೂಮಿಯ ವಿವರವೂ ಇರುತ್ತದೆ. ತೂಬನ್ನೂ ಏರಿಯನ್ನೂ ನೋಡಿಕೊಳ್ಳುವ ನೀರಗಂಟಿಗೆ ಊರೇ ಪಾಲು ಕೊಡುತ್ತಿತ್ತು. ನೀರಗಂಟಿಯ ವಿದ್ಯೆಯಿಂದ ಬದುಕುವುದು ಅಚ್ಚುಕಟ್ಟಿನ ಪ್ರತಿಯೊಂದು ಗದ್ದೆಯೂ ಆದುದರಿಂದ, ಅದರ ವೆಚ್ಚವನ್ನು ಅವನೊಬ್ಬನೇ ಹೊರಬೇಕೆಂದು ಯಾರೂ ಹೇಳಲಿಲ್ಲ. ನ್ಯೂಜಿಲೆಂಡ್ ಸರ್ಕಾರವೂ 2020ರ ಜುಲೈಯಿಂದ 2022ರ ಕೊನೆಯವರೆಗೆ, ಸಾಂಕ್ರಾಮಿಕದ ಭೀತಿಯಲ್ಲಿ, ಇಂಥ ಕಸುಬುಗಳ ಶುಲ್ಕವನ್ನು ಪೂರ್ತಿಯಾಗಿ ತಾನೇ ವಹಿಸಿಕೊಂಡಿತ್ತು. ಆಪತ್ತಿನಲ್ಲಿ ಹೊಳೆದ ವಿವೇಕವು ಆಪತ್ತು ಕಳೆದೊಡನೆ ಮಾಯವಾಗಬೇಕಾದ ಕಾರಣ ಕಾಣದು. ಯಂತ್ರಗಳಿಂದ ಲಾಭ ಪಡೆಯುವ ಕಾರ್ಖಾನೆಗಳು ತಮ್ಮ ಗಾತ್ರಕ್ಕೆ ತಕ್ಕಷ್ಟು ಅಪ್ರೆಂಟಿಸುಗಳನ್ನು ತೆಗೆದುಕೊಳ್ಳಲೇಬೇಕೆಂದೂ, ತೆಗೆದುಕೊಳ್ಳದವು ಕಲಿಸುವವರ ನಿಧಿಗೆ ಹಣ ಕಟ್ಟಬೇಕೆಂದೂ ಶಾಸನವಾಗಬೇಕು. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವದ ವೇದಿಕೆಯಲ್ಲಿ ವೈದ್ಯರಿಗೂ ಸಾಫ್ಟ್‌ವೇರ್ ನಿಪುಣರಿಗೂ ಶಾಲು ಹೊದಿಸುವಾಗ, ನಾಲ್ಕು ವರ್ಷ ಪಾಳಿ ದುಡಿದು ಕಸುಬನ್ನು ಕೈವಶ ಮಾಡಿಕೊಂಡ ನಮ್ಮದೇ ಹುಡುಗ ಹುಡುಗಿಯರನ್ನೂ ಕರೆಯಬೇಕು. ಮತ್ತು ಕೊನೆಯ ತರಗತಿಯ ಮಕ್ಕಳನ್ನು ವಿಶ್ವವಿದ್ಯಾಲಯದ ಪರಿಚಯದ ದಿನಕ್ಕೆ ಕರೆದೊಯ್ಯುವ ತಂದೆತಾಯಿಗಳು, ಜುಲೈ ತಿಂಗಳಲ್ಲಿ ಒಮ್ಮೆ, ಒಳಗೆ ಬಿಡುವ ಕಾರ್ಖಾನೆಯ ಅನುಮತಿ ಪಡೆದು, ಅವರನ್ನು ಒಂದು ಶಟ್‌ಡೌನಿಗೂ ಕರೆದೊಯ್ದು, ಅಲ್ಲಿರುವವರ ಕೆಲಸವನ್ನೂ ಸಂಬಳವನ್ನೂ ಸಾಲವನ್ನೂ ಅವರ ಬಾಯಿಂದಲೇ ಕೇಳಿಸಿ, ಅನಂತರ ತಮ್ಮ ಹಾಳೆಯ ಲೆಕ್ಕವನ್ನು ಹೊಸದಾಗಿ ಬರೆಯಬೇಕು.